ಸರ್ಪೋದ್ಯಾನ, ಸಸ್ಯೋದ್ಯಾನ ಮತ್ತು ಶ್ರಾವಕನ ಟಿಕೆಟ್ಟು

ತೀರ್ಥಯಾತ್ರೆಯ ಬಸ್ಸುಗಳು ಈಗ ಬಸದಿಗಳ ಮುಂದೆ ಮಾತ್ರ ನಿಲ್ಲುವುದಿಲ್ಲ. ಮೂಡುಬಿದಿರೆ, ಕಾರ್ಕಳ, ವೇಣೂರುಗಳ ದರ್ಶನ ಮುಗಿಸಿದ ಕುಟುಂಬಗಳು ಮಂಗಳೂರಿಗೆ ಇಳಿಯುವ ದಾರಿಯಲ್ಲಿ ವಾಮಂಜೂರಿನ ಬಳಿಯ ಪಿಲಿಕುಳದ ಕಡೆಗೆ ಹೊರಳುತ್ತವೆ. ತಮಿಳುನಾಡಿನ ಪೊನ್ನೂರು ಬೆಟ್ಟದಲ್ಲಿ ಕುಂದಕುಂದಾಚಾರ್ಯರ ಪಾದಗಳಿಗೆ ನಮಿಸಿ, ತಿರುಮಲೈಯ ನೇಮಿನಾಥನನ್ನು ಕಂಡು ಬಂದವರು ಮಹಾಬಲಿಪುರವನ್ನು ನೋಡಿಕೊಂಡು, ಮದರಾಸಿನ ಕಡಲತೀರದ ರಸ್ತೆಯಲ್ಲಿರುವ ಮೊಸಳೆ ಬ್ಯಾಂಕಿನ ಮುಂದೆ ಇಳಿಯುತ್ತಾರೆ. ಬೆಂಗಳೂರಿಗೆ ಬಂದವರಿಗೆ ಬನ್ನೇರುಘಟ್ಟವೂ ಲಾಲ್‌ಬಾಗೂ ಉಂಟು. ಯಾತ್ರಾ ಕಾರ್ಯಕ್ರಮದ ಹಾಳೆಯಲ್ಲಿ ಇವೆಲ್ಲ ‘ಮಕ್ಕಳ ಸಂತೋಷಕ್ಕಾಗಿ’ ಎಂಬ ಒಕ್ಕಣೆಯೊಡನೆ ಕೊನೆಯ ಸಾಲಿನಲ್ಲಿ ಬರುತ್ತವೆ. ಆ ಸಾಲಿನ ಧರ್ಮಾಧರ್ಮವನ್ನು ಯಾರೂ ವಿಚಾರಿಸುವುದಿಲ್ಲ.

ನೋಡಿ ಬಂದ ಮೇಲೆ ಮಾತ್ರ ಬಸ್ಸಿನಲ್ಲಿ ಒಂದು ಬಗೆಯ ವಿಮರ್ಶೆ ನಡೆಯುತ್ತದೆ. ಹಾವುಗಳ ಮನೆಯಿಂದ ಹೊರಬಂದವರು ‘ಪಾಪ, ಮೂಕಜೀವಿಗಳು’ ಎಂದು ಮರುಗುತ್ತಾರೆ. ಹೂತೋಟದಿಂದ ಬಂದವರು ‘ಎಷ್ಟು ಸಾತ್ತ್ವಿಕವಾದ ನೋಟ’ ಎಂದು ಹರ್ಷಿಸುತ್ತಾರೆ. ಮೊದಲನೆಯದು ಹಿಂಸೆಯ ಸ್ಥಳ, ಎರಡನೆಯದು ನಿರ್ದೋಷವಾದ ಸ್ಥಳ ಎಂಬ ಈ ತೀರ್ಪು ಆಚಾರಶಾಸ್ತ್ರದ ಒರೆಗಲ್ಲಿನ ಮೇಲೆ ನಿಲ್ಲುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಮರುಕವೂ ಹರ್ಷವೂ ಸಹಜವೇ ಆದರೂ, ಇವೆರಡೂ ಲೆಕ್ಕವನ್ನು ಪೂರ್ತಿಯಾಗಿ ಬರೆಯದೆ ಮಾಡಿದ ತೀರ್ಪುಗಳೆಂದು ತೋರುತ್ತದೆ.

ಮೊದಲು ಸರೀಸೃಪಗಳ ವಿಷಯ. ಮೊಸಳೆ ಬ್ಯಾಂಕಿನಂತಹ ಸ್ಥಳದಲ್ಲಿ ಒಬ್ಬ ಶ್ರಾವಕನ ಕಣ್ಣಿಗೆ ಬೀಳುವುದು ಆಮೆ, ಮೊಸಳೆ ಮತ್ತು ಹಾವು. ಇವು ಅವನಿಗೆ ಅಪರಿಚಿತವಲ್ಲ. ಆಮೆ ಮುನಿಸುವ್ರತ ತೀರ್ಥಂಕರರ ಲಾಂಛನ, ಮಕರ ಪುಷ್ಪದಂತರದು, ಸರ್ಪ ಪಾರ್ಶ್ವನಾಥರದು. ಪ್ರತಿನಿತ್ಯ ಪೀಠದ ಮೇಲೆ ಕಂಡು ಕೈಮುಗಿದ ಮೂರು ಜೀವಗಳನ್ನು ಆತ ಇಲ್ಲಿ ಹಣ ತೆತ್ತು, ಬೇಲಿಯ ಆಚೆಯಿಂದ ನೋಡುತ್ತಾನೆ. ಜೈನಾಗಮಗಳು ಈ ಜೀವಗಳನ್ನು ಸೂಕ್ಷ್ಮವಾಗಿ ವಿಂಗಡಿಸಿವೆ: ಎದೆಯಿಂದ ತೆವಳುವ ಉರಃಪರಿಸರ್ಪಗಳು, ಭುಜದ ಬಲದಿಂದ ಚಲಿಸುವ ಭುಜಪರಿಸರ್ಪಗಳು, ಮೊಸಳೆ ಆಮೆಗಳಂತಹ ಜಲಚರಗಳು. ಹೆಸರಿಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚನು ಸಮ್ಯಕ್ತ್ವವನ್ನು ಪಡೆಯಬಲ್ಲನು. ಐದನೆಯ ಗುಣಸ್ಥಾನಕ್ಕೇರಿ ದೇಶವ್ರತಿಯೂ ಆಗಬಲ್ಲನು. ಉರಿಯುವ ಕೊರಡಿನಲ್ಲಿ ಬೆಂದ ಸರ್ಪಯುಗಳವು ಪಾರ್ಶ್ವಕುಮಾರನಿಂದ ಮಂತ್ರವನ್ನು ಕೇಳಿ ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿದ ಕಥೆಯನ್ನು ಹೊಂಬುಜಕ್ಕೆ ಹೋಗಿ ಬಂದ ಯಾವ ಮಗುವೂ ಬಲ್ಲದು. ಗಾಜಿನ ಹಿಂದೆ ಸುರುಳಿ ಸುತ್ತಿರುವುದು ಅಂತಹ ಯೋಗ್ಯತೆಯುಳ್ಳ ಜೀವ.

ಆ ಗಾಜನ್ನು ಬೆರಳಿನಿಂದ ತಟ್ಟುವ ಅಭ್ಯಾಸ ದೊಡ್ಡವರಿಗೂ ಇದೆ. ಹಾವಿಗೆ ಹೊರಕಿವಿ ಇಲ್ಲ, ಆದರೆ ನೆಲದ ಮತ್ತು ಗೋಡೆಯ ಕಂಪನವನ್ನು ಅದು ದವಡೆಯ ಮೂಲಕ ಚೆನ್ನಾಗಿ ಗ್ರಹಿಸುತ್ತದೆ. ಅದಕ್ಕೆ ರೆಪ್ಪೆಯೂ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆಯಿದ್ದು, ಎದುರಿಗೆ ನಿಂತ ಜನಜಂಗುಳಿ ಬೇಡವೆನಿಸಿದರೂ ಕಣ್ಣು ಮುಚ್ಚಿಕೊಳ್ಳುವ ಉಪಾಯ ಅದಕ್ಕಿಲ್ಲ. ಮೊಸಳೆಯು ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಅಲುಗಾಡದೆ ಮಲಗುವುದು ದೇಹದ ಉಷ್ಣವನ್ನು ಹದಗೊಳಿಸಿಕೊಳ್ಳಲು. ಅದು ಜೀವಂತವೋ ಬೊಂಬೆಯೋ ಎಂದು ಪರೀಕ್ಷಿಸಲು ಕಲ್ಲೆಸೆಯುವವರು ಉಂಟು. ಇದರ ವಿಷಯದಲ್ಲಿ ಹೆಚ್ಚು ವಿವೇಚನೆ ಬೇಕಿಲ್ಲ, ಇದು ನೇರವಾಗಿ ವಧವೆಂಬ ಅತಿಚಾರ.

ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಮನೆಯ ದನಕರುಗಳಿಗೂ ಆಳುಕಾಳುಗಳಿಗೂ ಸಂಬಂಧಿಸಿದ ನಿಯಮಗಳೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಆದರೆ ಕನ್ನಡ ನಾಡಿನೊಡನೆ ನಿಕಟ ಸಂಬಂಧವುಳ್ಳ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಂಧಕ್ಕೆ ಕೊಡುವ ಅರ್ಥ ವಿಶಾಲವಾದುದು. ಒಂದು ಜೀವವು ತನಗೆ ಇಷ್ಟವಾದ ಎಡೆಗೆ ಹೋಗುವುದನ್ನು ತಡೆಯುವುದೇ ಬಂಧ. ಹಗ್ಗವೇ ಬೇಕೆಂದಿಲ್ಲ, ಗಾಜೂ ಸಾಕು. ಹಾಗಾದರೆ ಸರ್ಪೋದ್ಯಾನಗಳೆಲ್ಲವೂ ಬಂಧದ ಸ್ಥಳಗಳೇ ಎಂಬುದನ್ನು ಒಪ್ಪಲೇಬೇಕು. ಟಿಕೆಟ್ಟು ಕೊಳ್ಳುವವನು ಸ್ವತಃ ಕಟ್ಟಿದವನಲ್ಲದಿರಬಹುದು. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದರಿಂದ ಆತ ತಪ್ಪಿಸಿಕೊಳ್ಳಲಾರನು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಟಿಕೆಟ್ಟೆಂಬುದು ಆ ಸಂಸ್ಥೆಯಲ್ಲಿ ತೊಡಗಿಸಿದ ಒಂದು ಚಿಕ್ಕ ಪಾಲು. ಪಾಲುದಾರನಿಗೆ ಲಾಭದಂತೆ ದೋಷದಲ್ಲಿಯೂ ಭಾಗವಿರುತ್ತದೆ.

ಇಷ್ಟಕ್ಕೇ ನಿಂತರೆ ಬಸ್ಸಿನಲ್ಲಿ ಮರುಗಿದವರ ಮಾತೇ ಸರಿಯೆಂದಾಗುತ್ತದೆ. ಆದರೆ ಎಲ್ಲ ಬಂಧವೂ ಒಂದೇ ತೂಕದ್ದಲ್ಲ ಎಂಬುದಕ್ಕೆ ಮೊಸಳೆ ಬ್ಯಾಂಕಿನ ಆವರಣದಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವಿದೆ. ಇರುಳರು ತಲೆತಲಾಂತರದಿಂದ ಹಾವು ಹಿಡಿಯುವ ಜನ. ಒಂದು ಕಾಲದಲ್ಲಿ ಅವರ ಜೀವನೋಪಾಯ ಹಾವಿನ ಚರ್ಮದ ಮಾರಾಟವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1976ರಲ್ಲಿ ಹಾವಿನ ಚರ್ಮದ ರಫ್ತಿಗೆ ಬಿದ್ದ ನಿಷೇಧವೂ ಆ ಮಾರ್ಗವನ್ನು ಮುಚ್ಚಿದವು. ಹಾವುಗಳ ದೃಷ್ಟಿಯಿಂದ ಅದು ಅಭಯದಾನ. ಇರುಳರ ದೃಷ್ಟಿಯಿಂದ ಹೊಟ್ಟೆಯ ಮೇಲಿನ ಏಟು. ಮೊಸಳೆ ಬ್ಯಾಂಕಿನ ಸ್ಥಾಪಕರಾದ ರಾಮ್ಯುಲಸ್ ವಿಟೇಕರ್ ಅವರ ಪ್ರಯತ್ನದಿಂದ 1978ರಲ್ಲಿ ಈ ಸಂಘ ಹುಟ್ಟಿತು. ಕೊಂದು ಚರ್ಮ ಸುಲಿಯುತ್ತಿದ್ದ ಅದೇ ಕೈಗಳು ಹಾವನ್ನು ಜೀವಸಹಿತ ಹಿಡಿದು, ವಿಷವನ್ನು ಮಾತ್ರ ತೆಗೆದು, ಮತ್ತೆ ಕಾಡಿಗೆ ಬಿಡುವ ಕಸುಬನ್ನು ಕೈಗೊಂಡವು. ಸಂಘದ ಇಬ್ಬರು ಸದಸ್ಯರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು.

ಅಲ್ಲಿನ ಕ್ರಮ ಹೀಗಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳನ್ನು ಮಾತ್ರ ಹಿಡಿಯುತ್ತಾರೆ. ಮಣ್ಣಿನ ಮಡಕೆಗಳಲ್ಲಿ ಬಟ್ಟೆ ಕಟ್ಟಿ ಇಡುತ್ತಾರೆ. ಮೂರು ನಾಲ್ಕು ವಾರಗಳ ಅವಧಿಯಲ್ಲಿ ಸುಮಾರು ವಾರಕ್ಕೊಮ್ಮೆಯಂತೆ ವಿಷ ತೆಗೆದು, ಅನಂತರ ಬಿಟ್ಟುಬಿಡುತ್ತಾರೆ. ಅದೇ ಹಾವನ್ನು ಕೂಡಲೆ ಮತ್ತೆ ಹಿಡಿಯದಂತೆ ಹೊಟ್ಟೆಯ ಹುರುಪೆಯ ಅಂಚನ್ನು ಗುರುತಿಗಾಗಿ ಕತ್ತರಿಸುತ್ತಾರೆ. ಭಾರತದಲ್ಲಿ ತಯಾರಾಗುವ ಪ್ರತಿವಿಷದ ಬಹುಭಾಗಕ್ಕೆ ಮೂಲದ್ರವ್ಯ ಒದಗಿದ್ದು ಇಲ್ಲಿಂದಲೇ.

ಇಲ್ಲಿ ಬಂಧವಿದೆ, ಛೇದವೂ ಇದೆ. ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ಪ್ರತಿವಿಷವನ್ನು ತೆಗೆಯುವುದರಿಂದ ಇನ್ನೊಂದು ಪಂಚೇಂದ್ರಿಯ ಜೀವದ ಕ್ಲೇಶವೂ ಸೇರುತ್ತದೆ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಜಮೆಯ ಕಡೆಯನ್ನೂ ಹಾಗೆಯೇ ನೋಡಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು, ಎಂದರೆ ವರ್ಷಕ್ಕೆ ಸರಾಸರಿ 58,000ವೆಂದು, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಹಳ್ಳಿಯ ಬಡವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡಿತಕ್ಕೆ ಮದ್ದಿದೆಯೆಂಬ ಭರವಸೆಯಿರುವ ಊರಿನಲ್ಲಿ ಹಾವನ್ನು ಕಂಡ ಕೂಡಲೆ ಬಡಿದು ಕೊಲ್ಲುವ ಭಯವೂ ಕಡಿಮೆಯಾದೀತು. ಅವಧಿಯುಳ್ಳ ಬಂಧ, ಹೇಳಬಹುದಾದ ಪ್ರಯೋಜನ, ಕೊನೆಗೆ ಬಿಡುಗಡೆ: ಈ ಮೂರೂ ಇಲ್ಲಿವೆ. ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ಗೃಹಸ್ಥನು ನಿಂತು ನೋಡಿ, ತಿಳಿದುಕೊಂಡು ಬರಬಹುದಾದ ಸ್ಥಳ ಅದು. ದೋಷವಿಲ್ಲವೆಂದಲ್ಲ, ದೋಷಕ್ಕೆ ಅಲ್ಲಿ ಮಿತಿಯಿದೆ.

ಅದೇ ಆವರಣದ ಮೊಸಳೆಗಳ ವಿಷಯ ಬೇರೆ. 1976ರಲ್ಲಿ ಬ್ಯಾಂಕು ಆರಂಭವಾದಾಗ ಚರ್ಮದ ವ್ಯಾಪಾರದಿಂದ ಮೊಸಳೆಗಳು ನಾಶದ ಅಂಚಿಗೆ ಬಂದಿದ್ದವು. ಘಡಿಯಾಲ್ ಎಂಬ ಉದ್ದಮೂತಿಯ ಮೊಸಳೆ ದೇಶದಲ್ಲಿ ಕೆಲವು ನೂರು ಕೂಡ ಇತ್ತೋ ಇಲ್ಲವೋ ಎಂಬ ಸ್ಥಿತಿ. ಬ್ಯಾಂಕೆಂಬ ಹೆಸರೇ ಸೂಚಿಸುವಂತೆ ಅಲ್ಲಿ ಠೇವಣಿಯಿಟ್ಟು, ಬೆಳೆಸಿ, ನದಿಗಳಿಗೆ ಮರಳಿಸುವುದು ಉದ್ದೇಶವಾಗಿತ್ತು. ಮಗರ್ ಮೊಸಳೆಗಳು ನಿರೀಕ್ಷೆ ಮೀರಿ ಬೆಳೆದವು. ಆದರೆ ಬಿಡಲು ನದಿ, ಕೆರೆಗಳು ಸಿಗದಾದವು. ಮನುಷ್ಯನಿಲ್ಲದ ನೀರಿನ ತಾಣ ಎಲ್ಲಿ ಉಳಿದಿದೆ? ಬಡ್ಡಿ ಬೆಳೆಯಿತು, ಹಿಂದಕ್ಕೆ ಪಡೆಯುವವರಿಲ್ಲ. ಕೊನೆಗೆ 2022ರಲ್ಲಿ ಒಂದು ಸಾವಿರ ಮೊಸಳೆಗಳನ್ನು ಗುಜರಾತಿನ ಜಾಮ್‌ನಗರದ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸುವ ಏರ್ಪಾಡಾಯಿತು. ಅದು ಮದರಾಸು ಉಚ್ಚ ನ್ಯಾಯಾಲಯದವರೆಗೂ ಹೋಗಿ, ಅಲ್ಲಿ ಆಕ್ಷೇಪಣೆ ತಿರಸ್ಕೃತವಾಯಿತು. ಒಂದು ಕೊಳದಿಂದ ಇನ್ನೊಂದು ಕೊಳಕ್ಕೆ ಹೋದ ಜೀವಕ್ಕೆ ಜಾಗ ಹೆಚ್ಚಾಗಿರಬಹುದು, ಬಂಧಮೋಚನೆಯಾದಂತಲ್ಲ. ಕರುಣೆಯಿಂದಲೇ ಆರಂಭವಾದ ಕಾರ್ಯವೂ ಅಂತ್ಯವನ್ನು ಮೊದಲೇ ಯೋಚಿಸದಿದ್ದರೆ ಅವಧಿಯಿಲ್ಲದ ಬಂಧವಾಗಿ ಪರಿಣಮಿಸುತ್ತದೆ. ಗೋಶಾಲೆ, ಪಾಂಜರಪೋಳಗಳನ್ನು ನಡೆಸುವ ಟ್ರಸ್ಟುಗಳು ಇದನ್ನು ತಮ್ಮ ಸ್ಥಿತಿಯೊಡನೆ ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಆಹಾರದ ಪ್ರಶ್ನೆ. ಜೈನ ಸಂದರ್ಶಕರು ಹೆಚ್ಚಾಗಿ ಮೌನವಾಗುವುದು ಇಲ್ಲಿ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ; ಇಲಿ, ಕಪ್ಪೆ, ಹಲ್ಲಿಗಳೇ ಅದರ ಆಹಾರ. ಕಾಳಿಂಗಸರ್ಪದ ಮುಖ್ಯ ಆಹಾರವಂತೂ ಬೇರೆ ಹಾವುಗಳು. ಕಾಡಿನಲ್ಲಿ ಅದು ತಾನೇ ಹುಡುಕಿಕೊಳ್ಳುತ್ತದೆ, ಅಲ್ಲಿ ಶ್ರಾವಕನ ಪಾಲಿಲ್ಲ. ಸಂಗ್ರಹಾಲಯದಲ್ಲಿ ಅದನ್ನು ಕೊಂಡು ತಂದು ಹಾಕಬೇಕು. ಹಾಕದಿದ್ದರೆ ಅನ್ನಪಾನನಿರೋಧ, ಹಾಕಿದರೆ ಇನ್ನೊಂದು ಜೀವದ ಹಿಂಸೆ. ಒಂದು ಬಂಧದಿಂದ ಹುಟ್ಟಿದ ಈ ಇಕ್ಕಟ್ಟಿಗೆ ಪರಿಹಾರವಿಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯವರು ಬಹುಕಾಲದಿಂದ ಒಂದು ಮಾರ್ಗವನ್ನು ಅನುಸರಿಸಿದ್ದಾರೆ. ಸಸ್ಯಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುತ್ತಾರೆ. ಹದ್ದು ಗಿಡುಗಗಳಿಗೆ ಹೊರರೋಗಿಗಳಾಗಿ ಮದ್ದು ಕೊಟ್ಟು ಕಳುಹಿಸುತ್ತಾರೆ. ಇದನ್ನು ಪಕ್ಷಪಾತವೆಂದು ಹಳಿಯುವವರಿದ್ದಾರೆ. ಆದರೆ ಅದರಲ್ಲಿ ಒಂದು ನೇರವಾದ ಲೆಕ್ಕವಿದೆ: ಯಾವ ಆಹಾರವನ್ನು ತಾವು ಒದಗಿಸಲಾರರೋ ಆ ಜೀವವನ್ನು ಅವರು ಕಟ್ಟಿಹಾಕುವುದೂ ಇಲ್ಲ.

ಇದಕ್ಕೆ ಹೋಲಿಸಿದರೆ ಸಂಗ್ರಹಾಲಯಕ್ಕೆ ಹೋಗುವ ಕುಟುಂಬಗಳ ನಡತೆಯಲ್ಲಿ ಗೊಂದಲ ಕಾಣುತ್ತದೆ. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ‘ದತ್ತು’ ಪಡೆದು ಅವುಗಳ ಖರ್ಚಿಗೆ ಹಣ ಕೊಡುವ ಯೋಜನೆಯಿದೆ. ಮಾಂಸಾಹಾರಿ ಪ್ರಾಣಿಯ ಹೆಸರಿನಲ್ಲಿ ಹಣ ಕೊಡಲು ಜೈನ ಗೃಹಸ್ಥನ ಮನಸ್ಸು ಹಿಂಜರಿಯುತ್ತದೆ. ಆನೆಗೋ ಜಿಂಕೆಗೋ ಕೊಡುತ್ತಾನೆ. ಹಿಂಜರಿಕೆ ಯೋಗ್ಯವಾದುದೇ. ಆದರೆ ಅದೇ ಗೃಹಸ್ಥನು ಹುಲಿಯನ್ನೂ ಹೆಬ್ಬಾವನ್ನೂ ನೋಡಲು ಟಿಕೆಟ್ಟು ಕೊಂಡಿರುತ್ತಾನೆ. ನೋಡುವ ಸುಖವನ್ನು ತನ್ನ ಖಾತೆಗೂ, ಮೇವಿನ ಪಾಪವನ್ನು ಪರರ ಖಾತೆಗೂ ಬರೆದ ಈ ಲೆಕ್ಕ ಯಾವ ತಪಾಸಣೆಯಲ್ಲಿಯೂ ನಿಲ್ಲದು. ಮೇವಿನ ಹಣವನ್ನು ಕೊಡಲಾರೆನೆಂಬುವನು ನೋಟವನ್ನೂ ಬಿಡಬೇಕು.

ಈಗ ‘ಸಾತ್ತ್ವಿಕ’ವಾದ ಹೂತೋಟಕ್ಕೆ ಬರಬಹುದು. ಲಾಲ್‌ಬಾಗಿನ ಹಿರಿಮೆಯನ್ನು ಅಲ್ಲಗಳೆಯುವ ಮಾತಿಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಬೆಳೆಸಿದ ತೋಟ ಇಂದು 240 ಎಕರೆಗಳಷ್ಟಿದೆ. ಒಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹೆಸರಿನ ಹಲಗೆಗಳನ್ನು ಓದುತ್ತ ಮರಗಳ ನಡುವೆ ನಡೆಯುವುದರಲ್ಲಿ ಯಾವ ಜೀವಕ್ಕೂ ಬಂಧವಿಲ್ಲ. ಮರವು ನಿಂತಲ್ಲಿಯೇ ಬೆಳೆಯುವ ಸ್ಥಾವರ ಜೀವ. ಅದಕ್ಕೆ ಬೇಲಿ ರಕ್ಷಣೆಯೇ ಹೊರತು ಸೆರೆಯಲ್ಲ.

ಆದರೆ ಯಾತ್ರೆಯ ಬಸ್ಸುಗಳು ಅಲ್ಲಿಗೆ ಹೆಚ್ಚಾಗಿ ಬರುವುದು ಮರಗಳನ್ನು ನೋಡಲಲ್ಲ. ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡಲು. 1889ರ ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಹೂಗಳನ್ನು ಕೊಯ್ದು ತಂದು ಗೋಪುರ, ಮನೆ, ಪ್ರತಿಮೆಗಳ ಆಕಾರದಲ್ಲಿ ಚುಚ್ಚಿ ನಿಲ್ಲಿಸುತ್ತಾರೆ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ನಡೆದ ಪ್ರದರ್ಶನಕ್ಕೆ ಜನಸಾಗರವೇ ಬಂದಿತ್ತು. ಬಾಡಿದ ಹೂಗಳನ್ನು ತೆಗೆದು ಹೊಸವನ್ನು ಚುಚ್ಚುವುದು ಪ್ರದರ್ಶನದ ನಡುವೆಯೇ ನಡೆಯುತ್ತದೆ. ಹಾವಿಗಾಗಿ ಮರುಗಿದ ಕಣ್ಣು ಇಲ್ಲಿ ಅರಳುತ್ತದೆ.

ಏಕೇಂದ್ರಿಯಕ್ಕೂ ಪಂಚೇಂದ್ರಿಯಕ್ಕೂ ಸಮನಾದ ತೂಕ ಕೊಡಬಾರದೆಂಬ ಆಕ್ಷೇಪ ಬರುವುದು ನ್ಯಾಯವೇ. ಸಸ್ಯಕ್ಕೆ ನಾಲ್ಕು ಪ್ರಾಣಗಳು, ಸಂಜ್ಞಿಯಾದ ಸರ್ಪಕ್ಕೆ ಹತ್ತು. ಶ್ರಾವಕನು ತ್ಯಜಿಸುವುದು ತ್ರಸಹಿಂಸೆಯನ್ನು. ಸ್ಥಾವರ ಹಿಂಸೆಯನ್ನು ಆತ ಸಂಪೂರ್ಣ ಬಿಡಲಾರನು. ಅಡುಗೆಗೂ ಪೂಜೆಗೂ ಅದು ಬೇಕು. ಆದರೆ ಅದಕ್ಕೆ ಹಾಕಿರುವ ಗಡಿಯೇ ಪ್ರಯೋಜನ. ಬೇಕಾಗಿದ್ದಷ್ಟು ಮಾತ್ರ ಎಂಬ ಷರತ್ತನ್ನು ಮುರಿದರೆ ಅನರ್ಥದಂಡವಿರತಿ ಎಂಬ ಗುಣವ್ರತ ಭಂಗವಾಗುತ್ತದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಎಲೆ ಹೂ ಕೀಳುವುದು ಪ್ರಮಾದಚರ್ಯೆಯ ಉದಾಹರಣೆಗಳಾಗಿ ಶ್ರಾವಕಾಚಾರಗಳಲ್ಲಿ ಬರುತ್ತವೆ. ಹೂ ಬೆಳೆದ ರೈತನ ಹೊಟ್ಟೆಪಾಡಿನ ಮಾತನ್ನು ಇಲ್ಲಿ ಎತ್ತಬಹುದು. ರೈತನದು ಉದ್ಯೋಗೀ ಹಿಂಸೆ. ಅದು ಅವನ ಲೆಕ್ಕ. ಹೂವಿನ ಗೋಪುರಕ್ಕೆ ಬೇಡಿಕೆ ಹುಟ್ಟಿಸಿದವನದು ಬೇರೆ ಲೆಕ್ಕ. ಬಸದಿಯ ಪೂಜೆಯಲ್ಲಿ ಹೂವು ಬೇಕೋ, ಕೇಸರಿ ಬಣ್ಣದ ಅಕ್ಷತೆ ಸಾಕೋ ಎಂದು ಉತ್ತರದ ತೇರಾಪಂಥ ದಿಗಂಬರರು ಶತಮಾನಗಳ ಹಿಂದೆಯೇ ಎತ್ತಿದ ಚರ್ಚೆಯನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಪೂಜೆಯ ಹೂವಿನ ವಿಷಯದಲ್ಲಿಯೇ ಅಷ್ಟು ಎಚ್ಚರದಿಂದ ವಾದಿಸಿದ ಸಮಾಜವು ಪ್ರದರ್ಶನದ ಹೂವಿನ ಮುಂದೆ ಏನನ್ನೂ ಕೇಳದಿರುವುದು ವಿಚಿತ್ರ.

ಹಾಗೆಂದು ಸಸ್ಯೋದ್ಯಾನದ ಭೇಟಿಯನ್ನೇ ಹಾಳೆಯಿಂದ ತೆಗೆದುಹಾಕಬೇಕಾಗಿಲ್ಲ. ಪ್ರದರ್ಶನವಿಲ್ಲದ ದಿನದಲ್ಲಿ ಲಾಲ್‌ಬಾಗಿಗೆ ಹೋಗಬಹುದು. ಪಿಲಿಕುಳಕ್ಕೆ ಹೋದವರು ಪಂಜರಗಳ ಕಡೆಗೆ ಓಡುವ ಬದಲು ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ತೋಟದಲ್ಲಿ ಒಂದು ಗಂಟೆ ಕಳೆಯಬಹುದು. ಅಷ್ಟಮೂಲಗುಣಗಳನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಪಂಚ ಉದುಂಬರಗಳೆಂದರೆ ಯಾವ ಹಣ್ಣುಗಳೆಂದು ಗೊತ್ತಿರುವುದು ಅಪೂರ್ವ. ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಮರಗಳನ್ನು ನಿಂತಲ್ಲಿ ತೋರಿಸಬೇಕು. ಉದುರಿದ ಒಂದು ಅತ್ತಿಯ ಹಣ್ಣನ್ನು ಹತ್ತಿರದಿಂದ ನೋಡಿದರೆ ತ್ಯಾಗದ ಕಾರಣ ತಾನೇ ಹೊರಗೆ ಬರುತ್ತದೆ. ಸೂಕ್ಷ್ಮವಾದ ಕಣಜಗಳು ಆ ಹಣ್ಣಿನ ಒಳಗೇ ಮೊಟ್ಟೆಯಿಟ್ಟು, ಅಲ್ಲಿಯೇ ಹುಟ್ಟಿ, ಹೂವಿಗೆ ಪರಾಗವನ್ನು ಒಯ್ಯುತ್ತವೆ. ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ಮನೆಯಿಲ್ಲ. ಸಸ್ಯವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೂ ಆಚಾರ್ಯರು ತ್ರಸಜೀವಗಳ ನೆಲೆಯೆಂದು ಬಿಡಿಸಿದ್ದಕ್ಕೂ ಇಲ್ಲಿ ಅಂತರವಿಲ್ಲ. ಹೊಂಬುಜದಲ್ಲಿ ಪದ್ಮಾವತಿಯ ಸನ್ನಿಧಿಯ ಲಕ್ಕಿ ಮರಕ್ಕೆ ನಮಿಸುವವರಿಗೆ ಒಂದು ಮರದ ಮುಂದೆ ನಿಲ್ಲುವುದು ಹೊಸದೇನಲ್ಲ.

ಟ್ರಸ್ಟುಗಳಿಗೆ ಇದರಲ್ಲಿ ಇನ್ನೊಂದು ಕೆಲಸವಿದೆ. ಮಲೆನಾಡು ಮತ್ತು ಕರಾವಳಿಯ ಕ್ಷೇತ್ರಗಳ ಬಸದಿ, ಧರ್ಮಶಾಲೆಗಳು ಹಾವುಗಳ ಓಡಾಟದ ನಡುವೆಯೇ ಇವೆ. ನಾಲ್ಕು ದಾನಗಳಲ್ಲಿ ಔಷಧದಾನ ಅಭಯದಾನಗಳೆರಡೂ ಇಲ್ಲಿ ಒಂದೇ ಕಾರ್ಯದಲ್ಲಿ ಸೇರಬಲ್ಲವು. ಪುಡಿಯ ರೂಪದ ಪ್ರತಿವಿಷಕ್ಕೆ ಶೀತಲ ಪೆಟ್ಟಿಗೆಯ ಅಗತ್ಯವಿಲ್ಲ. ಅಗತ್ಯವಿರುವುದು ಅದನ್ನು ಕೊಡಬಲ್ಲ, ಕೊಟ್ಟ ಮೇಲೆ ಬರಬಹುದಾದ ಪ್ರತಿಕ್ರಿಯೆಯನ್ನು ನಿಭಾಯಿಸಬಲ್ಲ ವೈದ್ಯರಿರುವ ಆಸ್ಪತ್ರೆ. ಕ್ಷೇತ್ರಕ್ಕೆ ಹತ್ತಿರದಲ್ಲಿ ಅಂತಹ ಆಸ್ಪತ್ರೆ ಯಾವುದು, ಅಲ್ಲಿ ಈ ತಿಂಗಳು ದಾಸ್ತಾನು ಇದೆಯೇ ಎಂಬುದನ್ನು ವಿಚಾರಿಸಿ ಧರ್ಮಶಾಲೆಯ ಗೋಡೆಯ ಮೇಲೆ ಬರೆಸಲು ದೊಡ್ಡ ವೆಚ್ಚವಾಗದು. ಒಂದು ಎಚ್ಚರಿಕೆಯೂ ಬೇಕು. ಮಲೆನಾಡಿನ ತೋಟಗಳಲ್ಲಿ ಕಾಣುವ, ಉಬ್ಬಿದ ಮೂತಿಯ ಸಣ್ಣ ಮಂಡಲದ ಹಾವಿನ ವಿಷಕ್ಕೆ ಇರುಳರ ನಾಲ್ಕು ಜಾತಿಗಳಿಂದ ತಯಾರಾದ ಪ್ರತಿವಿಷ ನಾಟುವುದಿಲ್ಲ; ಆದ್ದರಿಂದ ಕಡಿತವಾದಾಗ ವೈದ್ಯರ ಬಳಿಗೆ ಹೋಗುವುದೇ ದಾರಿ, ಮನೆಮದ್ದಲ್ಲ. ಬಸದಿಯೊಳಗೆ ಬಂದ ಹಾವನ್ನು ಹಿಡಿಸಿದರೂ ಬಹುದೂರ ಒಯ್ದು ಬಿಡಿಸಬಾರದು. ಅಪರಿಚಿತ ನೆಲದಲ್ಲಿ ಬಿಲವೂ ಬೇಟೆಯೂ ತಿಳಿಯದೆ ಅವು ಅಲೆದು ಸಾಯುವ ಸಂಭವ ಹೆಚ್ಚು. ಅರಣ್ಯ ಇಲಾಖೆಗೆ ತಿಳಿಸಿ, ಹತ್ತಿರದ ಪೊದೆಯ ಕಡೆಗೆ ಬಿಡಿಸುವುದು ಸೂಕ್ತ. ಮುಂದಿನ ವರ್ಷದ ಯಾತ್ರಾ ಹಾಳೆ ಅಚ್ಚಿಗೆ ಹೋಗುವ ಮೊದಲು ಟ್ರಸ್ಟಿನ ಸಭೆಯಲ್ಲಿ ಕೊನೆಯ ಸಾಲನ್ನೂ ಓದಿ, ಅಲ್ಲಿ ಹೆಸರಿಸಿದ ಪ್ರತಿಯೊಂದು ಸ್ಥಳದಲ್ಲಿಯೂ ಯಾವ ಜೀವವನ್ನು ಎಷ್ಟು ಕಾಲ, ಯಾವುದಕ್ಕಾಗಿ ಇಡಲಾಗಿದೆಯೆಂದು ಕಾರ್ಯದರ್ಶಿಗಳು ಪತ್ರ ಬರೆದು ಕೇಳಿ ತಿಳಿದುಕೊಂಡರೆ, ಬಸ್ಸು ಎಲ್ಲಿ ನಿಲ್ಲಬೇಕೆಂಬುದು ಆ ಉತ್ತರಗಳಿಂದಲೇ ಗೊತ್ತಾಗುತ್ತದೆ.